ಬಳಸಿದ ಯಾಟ್ ಮಾರುವ ಬ್ರೋಕರ್ ಕೆಲಸಕ್ಕೆ ಇಳಿಯಬಹುದಾ? (ಫ್ಲಾರಿಡಾ)

ಗಂಗೊಳ್ಳಿ_ಎಂಜಿನಿಯರ್:

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ಸರಕು ಹಡಗಿನಲ್ಲಿ ಎಂಜಿನಿಯರ್ ಆಗಿದ್ದೆ. ಮಗಳು ಶಾಲೆಗೆ ಸೇರಿದ ಮೇಲೆ ಹಡಗು ಬಿಟ್ಟೆ. ಈಗ ಹೆಂಡತಿಯ ಕೆಲಸದಿಂದಾಗಿ ಫ್ಲಾರಿಡಾದಲ್ಲಿದ್ದೇವೆ, ಗ್ರೀನ್ ಕಾರ್ಡ್ ಬಂದಿದೆ. ಮನೆಯಿಂದ ಫೋರ್ಟ್ ಲಾಡರ್‌ಡೇಲ್ ಅರ್ಧ ಗಂಟೆಯ ದಾರಿ. ಅಲ್ಲಿ ನ್ಯೂ ರಿವರ್ ದಂಡೆಯಲ್ಲಿ ನಡೆದರೆ ಎರಡೂ ಕಡೆ ಯಾಟ್‌ಗಳೇ, ಅಂದರೆ ಶ್ರೀಮಂತರ ವಿಹಾರ ದೋಣಿಗಳು. ಬಳಸಿದ ಯಾಟ್ ಮಾರುವ ಬ್ರೋಕರ್ ಆಗು ಅಂತ ಪರಿಚಯದವರೊಬ್ಬರು ಹೇಳಿದರು.

ನನ್ನ ಅಪ್ಪ ಮೀನಿನ ಬೋಟಿನ ತಾಂಡೇಲರು, ಅಂದರೆ ಬೋಟ್ ನಡೆಸುವವರು. ಬೋಟಿನ ನಡುವೆಯೇ ಬೆಳೆದವನು ನಾನು. ಆದರೆ ಕೋಟ್ಯಧಿಪತಿಗಳ ಪರಿಚಯ ಒಂದೂ ಇಲ್ಲ. ಮಾತಾಡಿ ಮಾರುವುದೂ ಅಭ್ಯಾಸ ಇಲ್ಲ. ಲೈಸೆನ್ಸ್ ಹೇಗೆ? ಕೈಗೆ ಎಷ್ಟು ಸಿಗುತ್ತದೆ? ಜಾಹೀರಾತಿನಲ್ಲಿ ಎಲ್ಲರೂ 'ತುಂಬಾ ಚೆನ್ನಾಗಿ ನೋಡಿಕೊಂಡ ಯಾಟ್' ಅಂತಲೇ ಬರೆಯುತ್ತಾರೆ. ಅದು ನಿಜವೋ ಅಲ್ಲವೋ ಅಂತ ಹೇಗೆ ತಿಳಿಯುವುದು? ಅನುಭವ ಇರುವವರು ದಯವಿಟ್ಟು ಹೇಳಿ.

ಧಕ್ಕೆ_ಮನೆ:

ನಾನು ಮಂಗಳೂರಿನವನು. ಲಾಡರ್‌ಡೇಲಿನಲ್ಲಿ ಇದೇ ಕೆಲಸಕ್ಕೆ ಸೇರಿ ಒಂಬತ್ತು ವರ್ಷ ಆಯ್ತು. ನಿಮ್ಮ ಪ್ರಶ್ನೆ ಓದಿ ಖುಷಿಯಾಯ್ತು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಲೈಸೆನ್ಸ್. ಫ್ಲಾರಿಡಾದಲ್ಲಿ 32 ಅಡಿಗಿಂತ ಉದ್ದದ, 300 ಗ್ರಾಸ್ ಟನ್‌ಗಿಂತ (ಹಡಗಿನ ಗಾತ್ರದ ಅಳತೆ) ಕಡಿಮೆಯ ಬಳಸಿದ ಯಾಟ್ ಅನ್ನು ಇನ್ನೊಬ್ಬರ ಪರವಾಗಿ ಕಮಿಷನ್‌ಗೆ ಮಾರಲು ರಾಜ್ಯದ ಲೈಸೆನ್ಸ್ ಬೇಕು. ಶುರುವಿನಲ್ಲೇ ಬ್ರೋಕರ್ ಆಗಲು ಆಗುವುದಿಲ್ಲ. ಒಬ್ಬ ಬ್ರೋಕರ್ ಕೆಳಗೆ ಎರಡು ವರ್ಷ ಸೇಲ್ಸ್‌ಪರ್ಸನ್ ಆಗಿ ದುಡಿಯಬೇಕು. ಸೇಲ್ಸ್‌ಪರ್ಸನ್‌ಗೆ 10,000 ಡಾಲರ್, ಬ್ರೋಕರ್‌ಗೆ 25,000 ಡಾಲರ್ ಬಾಂಡ್ (ನಾವು ಮೋಸ ಮಾಡಿದರೆ ನಷ್ಟ ತುಂಬಿಕೊಡುವ ಖಾತರಿ) ಇರಬೇಕು. ಅಷ್ಟೂ ಹಣ ಕೈಯಿಂದ ಕಟ್ಟಬೇಕಿಲ್ಲ, ಬಾಂಡ್ ಕಂಪನಿಗೆ ವರ್ಷಕ್ಕೆ ಸಣ್ಣ ಮೊತ್ತ ಕೊಟ್ಟರೆ ಸಾಕು. ಬೆರಳಚ್ಚು ತೆಗೆಯುತ್ತಾರೆ. ಇದು ಕಷ್ಟದ ಭಾಗ ಅಲ್ಲ.

ಕಷ್ಟ ಇರುವುದು ಹಣದಲ್ಲಿ. ಸಾಮಾನ್ಯವಾಗಿ ಕಮಿಷನ್ ನೂರಕ್ಕೆ ಹತ್ತು, ಮಾರುವವನೇ ಕೊಡುತ್ತಾನೆ. 6,50,000 ಡಾಲರಿಗೆ ಯಾಟ್ ಹೋಯಿತು ಅಂತಿಟ್ಟುಕೊಳ್ಳಿ. ಕಮಿಷನ್ 65,000. ಕೊಳ್ಳುವವನ ಕಡೆ ಬೇರೆ ಬ್ರೋಕರ್ ಇದ್ದರೆ ಅರ್ಧ ಅವನಿಗೆ. ಉಳಿದ 32,500ರಲ್ಲಿ ನಮ್ಮ ಸಂಸ್ಥೆ ಅರ್ಧ ಇಟ್ಟುಕೊಂಡರೆ ನನ್ನ ಕೈಗೆ 16,250. ಅದರಲ್ಲೇ ತೆರಿಗೆ, ಪೆಟ್ರೋಲ್, ಫೋಟೋ ಖರ್ಚು. ಸಂಬಳ ಅಂತ ಇಲ್ಲ. ನನ್ನ ಮೊದಲ ಮಾರಾಟಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಆ ವರ್ಷ ಹೆಂಡತಿಯ ಸಂಬಳದಲ್ಲಿ ಮನೆ ನಡೆಯಿತು. ಒಂದು ವರ್ಷದ ಮನೆ ಖರ್ಚು ಪಕ್ಕಕ್ಕೆ ಇಡದೆ ಇಳಿಯಬೇಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಮೂರನೇ ವರ್ಷ ನನ್ನ ಹತ್ತಿರ ಒಂದೇ ಪ್ರಾಯದ ಎರಡು ಯಾಟ್ ಇದ್ದವು. ಎರಡೂ 60 ಅಡಿಯ ಆಸುಪಾಸು, ಎರಡಕ್ಕೂ ಹನ್ನೆರಡು ವರ್ಷ. ಒಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎಂಜಿನ್ ಓಡಿದ್ದು ಬರೀ 380 ಗಂಟೆ. ಇನ್ನೊಂದರ ಮರದ ಪಾಲಿಶ್ ಮಂಕಾಗಿತ್ತು, ಎಂಜಿನ್ 2,400 ಗಂಟೆ ಓಡಿತ್ತು. ಮೊದಲನೆಯದು ತಕ್ಷಣ ಹೋಗುತ್ತದೆ ಅಂತ ನಾನು ನಂಬಿದ್ದೆ, ಅದರ ಮಾಲೀಕರಿಗೂ ಹಾಗೇ ಹೇಳಿದ್ದೆ.

ಮೊದಲನೆಯದಕ್ಕೆ ಗಿರಾಕಿ ಬಂದರು, ಹತ್ತು ಪರ್ಸೆಂಟ್ ಮುಂಗಡ ಟ್ರಸ್ಟ್ ಖಾತೆಗೆ (ವ್ಯಾಪಾರ ಮುಗಿಯುವವರೆಗೆ ಹಣ ಇಡುವ ಬೇರೆ ಖಾತೆ) ಬಂತು. ಅವರ ಸರ್ವೇಯರ್ (ಕೊಳ್ಳುವ ಮೊದಲು ಯಾಟ್ ಪರೀಕ್ಷಿಸುವ ತಜ್ಞ) ಬಂದು ಎಂಜಿನ್ ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಿದರು. ಆಯಿಲಿನಲ್ಲಿ ಸೋಡಿಯಂ ಜಾಸ್ತಿ ಬಂತು. ಬಿಚ್ಚಿ ನೋಡಿದರೆ ಎಂಜಿನಿಗೆ ಹೋಗುವ ಗಾಳಿಯನ್ನು ಸಮುದ್ರದ ನೀರಿನಿಂದ ತಣಿಸುವ ಆಫ್ಟರ್‌ಕೂಲರ್ ಒಳಗೆ ತುಕ್ಕು ತಿಂದು ಉಪ್ಪುನೀರು ಎಂಜಿನಿಗೆ ಹೋಗುತ್ತಿತ್ತು. ವರ್ಷಕ್ಕೆ ಮೂವತ್ತು ಗಂಟೆ ಓಡಿಸಿ, ಉಳಿದ ದಿನ ಸುಮ್ನೆ ಕಟ್ಟಿ ಹಾಕಿದ್ದರ ಫಲ ಅದು. ನೀರಿನ ಪಂಪಿನ ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿತ್ತು. ಡೆಕ್ ಮೇಲಿನ ಕಂಬಿಗಳ ಬುಡದಲ್ಲಿ ನೀರು ಇಳಿದು ಒಳಗಿನ ಮರ ಮೆತ್ತಗಾಗಿತ್ತು. ಸರ್ವೇಯರ್ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ತಟ್ಟಿದಾಗ ಬಂದ ಆ ಮಂಕು ಸದ್ದು ನನಗೆ ಈಗಲೂ ನೆನಪಿದೆ. ಗಿರಾಕಿ ಮುಂಗಡ ವಾಪಸ್ ತಗೊಂಡು ಹೋದರು. ಅದು ಅವರ ಹಕ್ಕು, ಒಪ್ಪಂದದಲ್ಲೇ ಇರುತ್ತದೆ.

ಎರಡನೆಯದರ ಮಾಲೀಕರು ನಿವೃತ್ತ ಪ್ಲಂಬರ್. ನನಗೆ ಆರು ನೋಟ್‌ಬುಕ್ ಕೊಟ್ಟರು. ಯಾವ ದಿನ ಆಯಿಲ್ ಬದಲು, ಯಾವ ದಿನ ಸತುವಿನ ಆನೋಡ್ (ಬೇರೆ ಲೋಹ ಉಳಿಸಲು ತಾನು ಸವೆಯುವ ತುಂಡು) ಬದಲು, ಯಾವ ವರ್ಷ ತಳಕ್ಕೆ ಬಣ್ಣ, ಎಲ್ಲ ಕೈಬರಹದಲ್ಲಿ. ಪ್ರತಿ ಆಯಿಲ್ ರಿಪೋರ್ಟನ್ನೂ ಅಂಟಿಸಿದ್ದರು. ಎಂಜಿನ್ ರೂಮಿನ ತಳದಲ್ಲಿ ಒಂದು ಹನಿ ಎಣ್ಣೆ ಇರಲಿಲ್ಲ. ಸೀ ಟ್ರಯಲ್‌ನಲ್ಲಿ, ಅಂದರೆ ನೀರಿನಲ್ಲಿ ಓಡಿಸಿ ನೋಡಿದಾಗ, ಎರಡೂ ಎಂಜಿನ್ ಪೂರ್ತಿ ಆರ್‌ಪಿಎಂ ಮುಟ್ಟಿದವು, ಬಿಸಿ ಏರಲಿಲ್ಲ. ಕೇಳಿದ ಬೆಲೆಗೆ ಹತ್ತಿರ ಹತ್ತಿರವೇ ಹೋಯಿತು.

ಅಂದಿನಿಂದ ನಾನು ಯಾಟ್ ನೋಡಲು ಹೋದರೆ ಮೊದಲು ಸೋಫಾ, ಅಡುಗೆಮನೆ ನೋಡುವುದಿಲ್ಲ. ಎಂಜಿನ್ ರೂಮಿಗೆ ಇಳಿಯುತ್ತೇನೆ, ಆಮೇಲೆ ದಾಖಲೆ ಕೇಳುತ್ತೇನೆ. ದಾಖಲೆ ಇಲ್ಲದಿದ್ದರೆ 'ಚೆನ್ನಾಗಿ ನೋಡಿಕೊಂಡದ್ದು' ಅಂತ ನಾನು ಬರೆಯುವುದಿಲ್ಲ. ಮಾಲೀಕರಿಗೆ ಬೇಜಾರಾದರೂ ಸರಿ.

ಇನ್ನೊಂದು ಮಾತು, ಇದನ್ನು ಹೊಸಬರು ಮರೆಯುತ್ತಾರೆ. ಯಾರ್ಡಿನ (ಯಾಟ್ ರಿಪೇರಿ ಮಾಡುವ ಜಾಗ) ಬಿಲ್ ಬಾಕಿ ಇದ್ದರೆ ಆ ಸಾಲ ಮಾಲೀಕನ ಜೊತೆ ಹೋಗದೆ ಯಾಟಿನ ಜೊತೆಯೇ ಉಳಿಯಬಹುದು. ಕೊಂಡವನ ತಲೆಗೆ ಬರುತ್ತದೆ. ಎಲ್ಲ ಸಾಲವೂ ಕೋಸ್ಟ್ ಗಾರ್ಡ್ ಇಡುವ ಯಾಟಿನ ನೋಂದಣಿ ದಾಖಲೆಯಲ್ಲಿ ಕಾಣುವುದಿಲ್ಲ. ಹಾಗಾಗಿ ದಾಖಲೆ ತೆಗೆಸುವುದರ ಜೊತೆಗೆ, ಕೊನೆಯ ಎರಡು ಮೂರು ವರ್ಷ ಕೆಲಸ ಮಾಡಿದ ಯಾರ್ಡ್‌ಗಳಿಗೆ ನಾನೇ ಫೋನ್ ಮಾಡುತ್ತೇನೆ.

ಕೋಟ್ಯಧಿಪತಿಗಳ ಪರಿಚಯ ಇಲ್ಲ ಅಂತ ಹಿಂಜರಿಯಬೇಡಿ. ನನ್ನ ಗಿರಾಕಿಗಳಲ್ಲಿ ಜಾಸ್ತಿ ಜನ ಮೆಕ್ಯಾನಿಕ್‌ಗಳು, ಕ್ಯಾಪ್ಟನ್‌ಗಳು ಕಳಿಸಿದವರು. ಎಂಜಿನ್ ರೂಮಿನಲ್ಲಿ ಅವರ ಭಾಷೆ ಮಾತಾಡುವ ಬ್ರೋಕರ್ ಕಡಿಮೆ. ನಿಮಗೆ ಅದು ಬರುತ್ತದೆ.

ದುಬೈ_ಕುಂದಾಪ್ರ:

ಧಕ್ಕೆಯವರು ಹೇಳಿದ್ದು ನೂರಕ್ಕೆ ನೂರು ಸರಿ ಮಾರಾಯ್ರೆ. ನಾನು ದುಬೈನಲ್ಲಿ ಯಾಟ್‌ಗಳ ಎಸಿ, ಜನರೇಟರ್ ರಿಪೇರಿ ಮಾಡುವವನು. ಒಂದು ಸೇರಿಸುತ್ತೇನೆ. ಬಿಸಿಯೂರಿನಲ್ಲಿ ಇದ್ದ ಯಾಟ್ ಆದರೆ ಜನರೇಟರಿನ ಗಂಟೆಯನ್ನೂ ನೋಡಿ. ಎಸಿಗೋಸ್ಕರ ಜನರೇಟರ್ ಹಗಲಿರುಳು ಓಡಿರುತ್ತದೆ. ಮುಖ್ಯ ಎಂಜಿನ್ 600 ಗಂಟೆ, ಜನರೇಟರ್ 7,000 ಗಂಟೆ ಇದ್ದದ್ದನ್ನು ನಾನೇ ನೋಡಿದ್ದೇನೆ. ಜಾಹೀರಾತಿನಲ್ಲಿ ಮೊದಲನೆಯ ಲೆಕ್ಕ ಮಾತ್ರ ಇತ್ತು.

ಗಂಗೊಳ್ಳಿ_ಎಂಜಿನಿಯರ್:

ಇಬ್ಬರಿಗೂ ತುಂಬಾ ಧನ್ಯವಾದ. ನೋಟ್‌ಬುಕ್ ವಿಷಯ ಓದುವಾಗ ಅಪ್ಪ ನೆನಪಾದರು. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧ ಇರುವಾಗ ಬೋಟ್ ಮೇಲೆ ಎಳೆದು, ಹಲಗೆ ಹಲಗೆಯನ್ನೂ ಬೆರಳಿನಲ್ಲಿ ತಟ್ಟಿ ಕಿವಿ ಕೊಡುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ತಟ್ಟುತ್ತಿದ್ದೆ.

ಧಕ್ಕೆಯಣ್ಣ, ಒಂದು ಕೇಳಲಾ? ಚಂಡಮಾರುತದ ಸೀಸನ್‌ನಲ್ಲಿ ವ್ಯಾಪಾರ ನಿಲ್ಲುತ್ತದಾ? ನಾನು ಯಾವಾಗ ಸೇರುವುದು ಒಳ್ಳೆಯದು?

ಧಕ್ಕೆ_ಮನೆ:

ಸೀಸನ್ ಜೂನ್ 1ರಿಂದ ನವೆಂಬರ್ 30. ವ್ಯಾಪಾರ ನಿಲ್ಲುವುದಿಲ್ಲ, ನಿಧಾನ ಆಗುತ್ತದೆ. ಬಿರುಗಾಳಿ ಹತ್ತಿರ ಬಂದರೆ ವಿಮೆ ಕಂಪನಿಗಳು ಹೊಸ ಪಾಲಿಸಿ ಕೊಡುವುದಿಲ್ಲ, ಆಗ ಕೊಳ್ಳುವವನು ಕೈ ಕಟ್ಟಿ ಕೂರಬೇಕು. ಅಕ್ಟೋಬರ್ ಕೊನೆಗೆ ಇಲ್ಲಿ ದೊಡ್ಡ ಬೋಟ್ ಶೋ ನಡೆಯುತ್ತದೆ, 1959ರಿಂದ ಇದೆ. ಅದಕ್ಕೆ ಮೊದಲೇ ಸೇರಿ. ಬೇಸಿಗೆಯಲ್ಲಿ ಯಾರ್ಡ್ ಸುತ್ತಿ ಯಾಟ್ ಗುರುತು ಮಾಡಿಕೊಳ್ಳಲು ಸಮಯ ಸಿಗುತ್ತದೆ.

ಬರುವ ಶನಿವಾರ ಬೆಳಿಗ್ಗೆ ಏಳಕ್ಕೆ 72 ಅಡಿಯ ಒಂದು ಯಾಟಿನ ಸರ್ವೇ ಇದೆ, ನೀರಿನಿಂದ ಎತ್ತುತ್ತಾರೆ. ಮಾಲೀಕರನ್ನು, ಗಿರಾಕಿಯನ್ನು ಕೇಳಿದ್ದೇನೆ, ಇಬ್ಬರೂ ಒಪ್ಪಿದ್ದಾರೆ. ಜಾಗ ಎಲ್ಲಿ ಅಂತ ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ, ಬನ್ನಿ. ಟಾರ್ಚ್ ತನ್ನಿ. ಡೆಕ್ ಮೇಲೆ ಬೂಟು ಹಾಕಲು ಬಿಡುವುದಿಲ್ಲ, ಸಾಕ್ಸ್ ಹಾಕಿಕೊಂಡು ಬನ್ನಿ.