ಅಪ್‌ಡೇಟ್: ಬ್ರಿಟನ್‌ನಲ್ಲಿ ಥೈರಾಯ್ಡ್ ದ್ರಾವಣ ಸಿಗದಿದ್ದಾಗ

ಹಿಂದೆ ಕೇಳಿದ್ದು ಇಷ್ಟು: ದಿನಕ್ಕೆ 75 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಔಷಧ) ದ್ರಾವಣ ಬೇಕು, ಎಲ್ಲೂ ಸ್ಟಾಕ್ ಇಲ್ಲ; ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇರುವ ಮಾತ್ರೆ ಹೊಟ್ಟೆಗೆ ಆಗದು. ದಾರಿ ಏನು?

ಮೊದಲು ಬೇರೆ ಸ್ಟ್ರೆಂತ್ ಇದೆಯೇ ಕೇಳಿ. 5 ಎಂಎಲ್‌ಗೆ 25, 50, 100 ಮೈಕ್ರೋಗ್ರಾಂ ಹೀಗೆ ಬೇರೆ ಬೇರೆ ಬಗೆ ಬರುತ್ತವೆ. 75ಕ್ಕೆ 50ರ ಬಾಟಲಿಯಲ್ಲಿ 7.5 ಎಂಎಲ್, 100ರದ್ದರಲ್ಲಿ 3.75. ಎಡವಟ್ಟಾಗುವುದು ಇಲ್ಲೇ: ಬಾಟಲಿ 50ರಿಂದ 100ಕ್ಕೆ ಬದಲಾದರೂ ಸಿರಿಂಜಿನಲ್ಲಿ ಹಳೇ ಗೆರೆವರೆಗೇ ಎಳೆದರೆ ಡೋಸ್ ದುಪ್ಪಟ್ಟು. ಹಾಗಾಗಿ ವೈದ್ಯರ ಚೀಟಿ ಹೊಸದಾಗಿ ಬರೆಸಿ, ಎಂಎಲ್ ಲೆಕ್ಕ ಅದರಲ್ಲೇ ಇರಲಿ.

ದ್ರಾವಣ ಸಿಗದೇ ಹೋದರೆ, ಟೇವಾ ಕಂಪನಿಯ ಮಾತ್ರೆಯಲ್ಲಿ ಲ್ಯಾಕ್ಟೋಸ್ ಇಲ್ಲ, ಮ್ಯಾನಿಟಾಲ್ ಎಂಬ ಬೇರೆ ಸಿಹಿ ಪದಾರ್ಥ ಇದೆ. ಕೆಲವರಿಗೆ ಅದೂ ಒಗ್ಗುವುದಿಲ್ಲ (ಒಂದು ತಪ್ಪಿತು ಅಂದರೆ ಇನ್ನೊಂದು!). ಒಗ್ಗಿದರೆ ಚೀಟಿಯಲ್ಲಿ ಬ್ರ್ಯಾಂಡ್ ಹೆಸರನ್ನೇ ಬರೆಸಿ. ಬರೀ ಔಷಧದ ಹೆಸರಿದ್ದರೆ ಮುಂದಿನ ತಿಂಗಳು ಕೈಗೆ ಬೇರೆ ಕಂಪನಿಯದ್ದು ಬರಬಹುದು.

ನುಂಗುವುದೇ ಕಷ್ಟವಾದರೆ ಫಾರ್ಮಸಿಸ್ಟ್ ಒಪ್ಪಿದ ಮೇಲೆ ಮಾತ್ರೆ ಪುಡಿಮಾಡಿ ಎರಡು ಚಮಚ ನೀರಲ್ಲಿ ಕದಡಿ ಆಗಲೇ ಕುಡಿಯಬೇಕು, ತೆಗೆದಿಡುವಂತಿಲ್ಲ. ತಳದಲ್ಲಿ ಕೂತ ಬಿಳಿ ಗಸಿಯಲ್ಲೂ ಔಷಧವಿರುತ್ತದೆ. ಲೋಟ ಅಲುಗಿಸಿ ತೊಳೆದು ಆ ನೀರನ್ನೂ ಕುಡಿಯಿರಿ.

ಯಾವುದಕ್ಕೆ ಬದಲಾದರೂ 6ರಿಂದ 8 ವಾರಕ್ಕೆ ಟಿಎಸ್‌ಎಚ್ ಪರೀಕ್ಷೆ (ಡೋಸ್ ಸರಿಯಿದೆಯೇ ತೋರಿಸುವ ರಕ್ತಪರೀಕ್ಷೆ). ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರ, ಹಿಂದಿನಂತೆಯೇ.