ನಾಡಿದ್ದು ಅನ್ನೋದಕ್ಕೆ ಇಂಗ್ಲಿಷಲ್ಲಿ ಒಂದೇ ಪದ ಇಲ್ವಾ?

ಶಿರಸಿ_ಅಮ್ಮ
ಮಗಳು ಆರನೇ ಕ್ಲಾಸು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ, ನಾವು ನಾಡಿದ್ದು ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ, ಇಂಗ್ಲಿಷಿನವರು ಯಾಕಮ್ಮಾ ಡೇ ಆಫ್ಟರ್ ಟುಮಾರೋ ಅಂತ ಅಷ್ಟುದ್ದ ಎಳೀತಾರೆ ಅಂದಳು. ಮೊನ್ನೆಗೂ ಅದೇ ಕಥೆ. ಅವರಲ್ಲಿ ಪದ ಇರಲೇ ಇಲ್ವಾ, ಇದ್ದು ಹೋಯಿತಾ? ಗೊತ್ತಿದ್ದವರು ಹೇಳಿ, ಸಂಜೆ ಮತ್ತೆ ಕೇಳುತ್ತಾಳೆ, ಬಿಡುವವಳಲ್ಲ.

ಹಳೇ ಡಿಕ್ಷನರಿ
ಇತ್ತು ಅಕ್ಕಾ, ಹೋಯಿತು. ನಾಡಿದ್ದಿಗೆ ಓವರ್‌ಮಾರೋ. 1535ರ ಕವರ್‌ಡೇಲ್ ಬೈಬಲ್ ಅನ್ನೋ ಇಂಗ್ಲಿಷ್ ಅನುವಾದದಲ್ಲಿದೆ. ಮದುವೆಯ ರಾತ್ರಿ ಟೋಬಿಯಸ್ ಹೆಂಡತಿ ಸಾರಾಳನ್ನು ಎಬ್ಬಿಸಿ, ಇವತ್ತು, ನಾಳೆ, ನಾಡಿದ್ದು ಪ್ರಾರ್ಥನೆ ಮಾಡೋಣ ಅನ್ನುತ್ತಾನೆ, ಅಲ್ಲಿ ಬರುತ್ತದೆ. ಮೊನ್ನೆಗೆ ಏರ್‌ಯೆಸ್ಟರ್‌ಡೇ. ಏರ್ ಅಂದರೆ ಮೊದಲು, ಅಂದರೆ ನಿನ್ನೆಗಿಂತ ಮೊದಲು. ಜರ್ಮನ್ನರು ಮಾತ್ರ ಬಿಟ್ಟಿಲ್ಲ, ನಾಡಿದ್ದಿಗೆ ಈಗಲೂ ಊಬರ್‌ಮಾರ್ಗನ್ ಅನ್ನುತ್ತಾರೆ.

ಬಿಸಿಬೇಳೆ88
ಓದಿ ಖುಷಿಪಡಿ, ಬಳಸೋಕೆ ಹೋಗಬೇಡಿ! ನಾನು ಶೋಕಿಗೆ ಆಫೀಸ್ ಮೇಲ್‌ನಲ್ಲಿ, ರಿಪೋರ್ಟ್ ಓವರ್‌ಮಾರೋ ಕೊಡುತ್ತೇನೆ ಅಂತ ಬರೆದೆ. ಮಂಗಳವಾರ ಬರೆದದ್ದು. ಮ್ಯಾನೇಜರ್ ಅದನ್ನು ಟೈಪಿಂಗ್ ತಪ್ಪು, ಟುಮಾರೋ ಇರಬೇಕು ಅಂದುಕೊಂಡು ಬುಧವಾರ ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಮಾಡಿದರು. ನನ್ನ ಎಕ್ಸೆಲ್ ಶೀಟ್ ಇನ್ನೂ ಅರ್ಧ ಖಾಲಿ.

ಡಲ್ಲಾಸ್ ದಾವಣಗೆರೆ
ಹಹ್ಹಾ. ವಾರಕ್ಕೂ ಒಂದು ಹಳೇ ಪದ ಇತ್ತು, ಸೆನೈಟ್. ಸೆವೆನ್ ನೈಟ್ ಸವೆದು ಸವೆದು ಆದದ್ದು. ಹಾಗೇ ಫೋರ್ಟೀನ್ ನೈಟ್ಸ್ ಸವೆದು ಫೋರ್ಟ್‌ನೈಟ್. ಆಗಿನವರು ಹಗಲು ಬಿಟ್ಟು ರಾತ್ರಿ ಎಣಿಸುತ್ತಿದ್ದರು. ತಮ್ಮ ಸತ್ತ, ಅಣ್ಣ ಬದುಕಿದ, ಅದೂ ಇಂಗ್ಲೆಂಡು, ಇಂಡಿಯಾ ಕಡೆ. ಇಲ್ಲಿ ಅಮೆರಿಕಕ್ಕೆ ನಾನು ಬಂದ ಹೊಸದರಲ್ಲಿ ಫೋರ್ಟ್‌ನೈಟ್ ರಜೆ ಬೇಕು ಅಂದರೆ, ಪಕ್ಕದ ಹುಡುಗ ಆ ಹೆಸರಿನ ವಿಡಿಯೋ ಗೇಮ್ ಆಡೋಕೆ ರಜೆನಾ ಅಂತ ಕೇಳಿದ.

ಗದ್ದೆಬದು
ಅಲ್ಲಿ ಮೂಲೆಗೆ ಬಿದ್ದದ್ದು ನಮ್ಮ ಬಾಯಲ್ಲಿ ಉಳಿದದ್ದೂ ಇದೆ. ಫರ್ಲಾಂಗು! ನಮ್ಮಜ್ಜ ಕಿಲೋಮೀಟರ್ ಅಂದವರೇ ಅಲ್ಲ, 'ಕೆರೆ ಏರಿ ದಾಟಿ ಎರಡು ಫರ್ಲಾಂಗು' ಅಂತಲೇ ದಾರಿ ಹೇಳುತ್ತಿದ್ದರು. ಫರೋ ಅಂದರೆ ನೇಗಿಲ ಸಾಲು, ಲಾಂಗ್ ಅಂದರೆ ಉದ್ದ. ಹೊಲದ ಒಂದು ಉದ್ದ ಸಾಲಿನಷ್ಟು ದೂರ, ಆಮೇಲೆ 220 ಗಜ ಅಂತ ಗಟ್ಟಿಯಾಯಿತು, ಎಂಟು ಸೇರಿದರೆ ಒಂದು ಮೈಲಿ. ಇಂಗ್ಲೆಂಡಲ್ಲಿ ಈಗ ಅದು ಜಾಸ್ತಿ ಕೇಳಿಬರುವುದು ಕುದುರೆ ರೇಸಿನಲ್ಲಿ. ಇನ್ನೊಂದು, ಟಿಫಿನ್. ಟಿಫಿಂಗ್ ಅಂತ ಇಂಗ್ಲಿಷರ ಹಳೇ ಬೀದಿಮಾತು, ಹೊತ್ತಲ್ಲದ ಹೊತ್ತಲ್ಲಿ ಒಂದು ಗುಟುಕು ಹಾಕೋದು ಅಂತ ಅರ್ಥ. ಅದರಿಂದಲೇ ನಮ್ಮ ಟಿಫಿನ್ ಬಂತು ಅಂತ 1886ರ ಹಾಬ್ಸನ್-ಜಾಬ್ಸನ್ ನಿಘಂಟು ಹೇಳುತ್ತದೆ. ಗುಟುಕು ಹೋಗಿ ಇಡ್ಲಿ ಬಂತು, ಒಳ್ಳೇದೇ ಆಯ್ತು ಬಿಡಿ.

ಶಿರಸಿ_ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ಓದಿ ಹೇಳಿದೆ. ಓವರ್‌ಮಾರೋ ಅಂತ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದಾಳೆ. ಈಗ ಹೊಸ ಪ್ರಶ್ನೆ, ಆಚೆ ನಾಡಿದ್ದಿಗೆ ಏನು?

ಹಳೇ ಡಿಕ್ಷನರಿ
ಜರ್ಮನ್ನರು ಪದದ ಮೊದಲಿಗೆ ಇನ್ನೊಂದು ಊಬರ್ ಸೇರಿಸುತ್ತಾರೆ ಅಷ್ಟೇ. ಊಬರ್‌ಊಬರ್‌ಮಾರ್ಗನ್. ಟ್ಯಾಕ್ಸಿ ಹೆಸರಲ್ಲಿರೋ ಊಬರ್ರೇ ಅದು. ಎರಡು ಊಬರ್ ಹಿಡಿದರೆ ಆಚೆ ನಾಡಿದ್ದು ಅಂತ ಹೇಳಿಕೊಡಿ.