ಗ್ರೀಸ್ ಮುಳುಗಿದ್ದೂ ಯೂರೋದಲ್ಲಿ, ಜರ್ಮನಿ ಕರೆಯುವುದೂ ಯೂರೋ ಕೊಟ್ಟು. ಇದು ಹೇಗೆ?

ಬದಿಯಡ್ಕದ ದೊಡ್ಡಮ್ಮ:

ನಮಸ್ಕಾರ ಎಲ್ಲರಿಗೂ. ನನ್ನ ತಂಗಿಯ ಮಗಳು ನರ್ಸಿಂಗ್ ಮುಗಿಸಿ ಮಂಗಳೂರಲ್ಲಿ ಜರ್ಮನ್ ಕಲಿಯುತ್ತಿದ್ದಾಳೆ. ಭಾಷೆಯ ಬಿ1 ಹಂತ ಆಯಿತು, ಅದರ ಮೇಲಿನ ಬಿ2 ಬಾಕಿ ಇದೆ. ಬೆಳಿಗ್ಗೆ ಬಸ್ಸಲ್ಲಿ ಡೆರ್, ಡೀ, ಡಾಸ್ ಅಂತ ಬಾಯಿಪಾಠ ಮಾಡುತ್ತಾ ಹೋಗುತ್ತಾಳೆ. ಪಕ್ಕದ ಸೀಟಿನವರು ಮಂತ್ರ ಅಂದುಕೊಂಡಿದ್ದಾರಂತೆ.

ಹೋದ ಭಾನುವಾರ ನೆಂಟರೊಬ್ಬರು ಬಂದಿದ್ದರು. "ಜರ್ಮನಿಯೇ ಮುಳುಗ್ತಾ ಇದೆ, ಕಾರಿನ ಕಂಪೆನಿಯವರೇ ಜನ ಕಡಿಮೆ ಮಾಡ್ತಿದ್ದಾರೆ. ಗ್ರೀಸಿನ ಗತಿ ನೆನಪಿಲ್ವಾ?" ಅಂತ ಹೇಳಿ, ಚಹಾ ಕುಡಿದು ಹೋದರು. ತಂಗಿಗೆ ಅವತ್ತಿನಿಂದ ನಿದ್ದೆ ಇಲ್ಲ.

ನನ್ನ ಪ್ರಶ್ನೆ ಇಷ್ಟೆ. ಇಬ್ಬರದ್ದೂ ಒಂದೇ ದುಡ್ಡು ಅಲ್ವಾ? ಹಾಗಾದರೆ ಗ್ರೀಸ್ ಮಾತ್ರ ಯಾಕೆ ಆ ಪಾಡು ಪಟ್ಟಿತು? ಈಗ ಜರ್ಮನಿಗೇ ಕಷ್ಟ ಅಂತಾದರೆ ನಮ್ಮ ಮಕ್ಕಳನ್ನು ಯಾಕೆ ಕರೆಯುತ್ತಾರೆ? ನಾನು ಪ್ರಿಡಿಗ್ರಿಯಲ್ಲಿ ಇಕನಾಮಿಕ್ಸ್ ಓದಿದವಳು. ಡಿಮಾಂಡು, ಸಪ್ಲೈ ಅಂತ ಎರಡು ಗೆರೆ ಎಳೆದದ್ದು ಬಿಟ್ಟರೆ ಏನೂ ನೆನಪಿಲ್ಲ. ಸ್ವಲ್ಪ ಬಿಡಿಸಿ ಹೇಳಿ.

ಸೊಸೈಟಿ ಲೆಕ್ಕದವ, ನೀರ್ಚಾಲು:

ಅಕ್ಕ, ನಾನು ಪ್ರೊಫೆಸರ್ ಅಲ್ಲ. 31 ವರ್ಷ ಒಂದು ಸಹಕಾರಿ ಸೊಸೈಟಿಯಲ್ಲಿ ಸಾಲದ ಲೆಜರ್ ಬರೆದವನು. ಗ್ರೀಸಿನ ಸುದ್ದಿ ಪೇಪರಲ್ಲಿ ಓದುವಾಗೆಲ್ಲ ನನಗೆ ನಮ್ಮ ಆಫೀಸಿನ ಬೆಂಚಿನಲ್ಲಿ ಕೂತಿದ್ದ ಒಬ್ಬರು ಮಾವ ನೆನಪಾಗುತ್ತಿದ್ದರು.

ಅವರ ಅಳಿಯ ಸಾಲ ಕೇಳಲು ಬಂದಿದ್ದ. ಅವನಿಗೆ ಇದ್ದದ್ದು ಅರ್ಧ ಎಕರೆ ಅಡಿಕೆ ತೋಟ. ಮಾವನಿಗೆ ಹತ್ತು ಎಕರೆ. ಮಾವ ಜಾಮೀನಿಗೆ ಸಹಿ ಹಾಕಲಿಲ್ಲ, ಒಂದು ಮಾತೂ ಆಡಲಿಲ್ಲ. ಸುಮ್ನೆ ಬೆಂಚಿನಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಡೈರೆಕ್ಟರು ಅರ್ಜಿ ನೋಡಿದರು, ಕಿಟಕಿಯಿಂದ ಬೆಂಚು ನೋಡಿದರು. "ಮಾವ ಇದ್ದಾರಲ್ಲ" ಅಂದರು. ಮಾವನಿಗೆ ಎಷ್ಟು ಕೊಡುತ್ತಿದ್ದೆವೋ ಅಷ್ಟೇ ಸಾಲ ಅಳಿಯನಿಗೂ ಪಾಸಾಯಿತು. ಮರುವಾರ ಒಂದು ಜೀಪು ಬಂತು.

ಗ್ರೀಸ್ ಯೂರೋಗೆ ಸೇರಿದ್ದು 2001ರಲ್ಲಿ. ಅದಕ್ಕೆ ಮೊದಲು ಅವರ ಸರಕಾರಕ್ಕೆ ಸಾಲ ಬೇಕಾದರೆ ಜರ್ಮನಿಗಿಂತ ತುಂಬಾ ಜಾಸ್ತಿ ಬಡ್ಡಿ ಕೊಡಬೇಕಿತ್ತು. ಸೇರಿದ ಮೇಲೆ ಇಬ್ಬರ ಬಡ್ಡಿಯೂ ಹೆಚ್ಚುಕಡಿಮೆ ಒಂದೇ ಆಯಿತು. ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆ ಅಲ್ಲ ಅಂತ, ಯೂರೋಗೆ ಬುನಾದಿ ಹಾಕಿದ ಮಾಸ್ಟ್ರಿಕ್ಟ್ ಒಪ್ಪಂದದಲ್ಲೇ ಬರೆದಿತ್ತು. ಸಾಲ ಕೊಡುವವರು ಅದನ್ನು ಓದಿದ್ದರು. ಓದಿಯೂ ಬೆಂಚಿನ ಕಡೆ ನೋಡಿದರು.

ಇನ್ನು ಆ ಸಾಲದ ದುಡ್ಡು ಎಲ್ಲಿ ಹೋಯಿತು? ಒಂದು ಪಾಲು ಸಂಬಳ, ಪೆನ್ಶನ್ ಅಂತ ಹೋಯಿತು. ಒಂದು ಪಾಲು ಹೊರಗಿನ ಸಾಮಾನಿಗೆ, ಅದರಲ್ಲೂ ಜರ್ಮನಿಯ ಕಾರು, ಮೆಷಿನಿಗೆ. ಆ ವರ್ಷಗಳಲ್ಲಿ ಜರ್ಮನಿಯವರು ಕೂಲಿ ಏರಿಸದೆ ಬಿಗಿ ಹಿಡಿದಿದ್ದರು, ಸಾಮಾನು ಅಗ್ಗಕ್ಕೆ ಸಿಗುತ್ತಿತ್ತು. ನಮ್ಮ ಪೇಟೆಯ ಜೀನಸಿನ ಅಂಗಡಿಯಲ್ಲಿ ಕಡ ಬರೆಸಿದ ಹಾಗೆ. ಅಂಗಡಿಯವನಿಗೆ ವ್ಯಾಪಾರ ಜೋರು, ಗಿರಾಕಿಯ ಪುಸ್ತಕದಲ್ಲಿ ಪುಟ ತುಂಬುತ್ತಿದೆ. ಆಮೇಲೆ "ಇವನು ದುಂದುಗಾರ" ಅಂತ ಅಂಗಡಿಯವನೇ ಬೈದರೆ ನನಗೆ ಸ್ವಲ್ಪ ನಗು ಬರುತ್ತದೆ. ಕಡ ಕೊಟ್ಟವನೂ ಅವನೇ ತಾನೇ.

ಸರಕಾರದ ಕೊರತೆ, ಅಂದರೆ ಆದಾಯಕ್ಕಿಂತ ಜಾಸ್ತಿ ಮಾಡಿದ ಖರ್ಚು, ದೇಶದ ಒಟ್ಟು ಉತ್ಪನ್ನದ ಶೇ. 3 ಮೀರಬಾರದು ಅಂತ ಯೂರೋದವರ ನಿಯಮ. 2009ರ ಅಕ್ಟೋಬರಿನಲ್ಲಿ ಗ್ರೀಸಿನಲ್ಲಿ ಹೊಸ ಸರಕಾರ ಬಂದು ಲೆಕ್ಕ ತೆರೆದರೆ, ಹಿಂದಿನವರು ಹೇಳಿದ್ದಕ್ಕೂ ಅದಕ್ಕೂ ತಾಳಮೇಳ ಇರಲಿಲ್ಲ. ತಿದ್ದಿ ತಿದ್ದಿ ಕೊನೆಗೆ ಆ ವರ್ಷದ ಕೊರತೆ ಶೇ. 15 ದಾಟಿತು. ಸಾಲ ಕೊಡುವವರೆಲ್ಲ ಒಂದೇ ಸಲ ಬಾಗಿಲು ಹಾಕಿದರು. 2010ರ ಮೇ ತಿಂಗಳಲ್ಲಿ ಯೂರೋ ದೇಶಗಳೂ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಕೂಡ ಸೇರಿ 11,000 ಕೋಟಿ ಯೂರೋ ಸಾಲ ಒಪ್ಪಿಕೊಂಡವು. ಅದಕ್ಕೆ ಮೊಳದುದ್ದದ ಶರತ್ತು.

ನಮ್ಮ ಅಳಿಯನದ್ದೂ ಹಾಗೇ. ಎರಡು ಮಳೆಗಾಲ ಕೊಳೆರೋಗ ಬಂತು, ಕಂತು ತಪ್ಪಿತು, ಮಾವ ಕಟ್ಟಿದರು. ಆ ದುಡ್ಡನ್ನು ಅಳಿಯ ಕಣ್ಣಲ್ಲೂ ನೋಡಲಿಲ್ಲ. ಒಂದು ಲೆಜರಿನಿಂದ ಇನ್ನೊಂದು ಲೆಜರಿಗೆ ಹೋಯಿತು, ನಾನೇ ಬರೆದದ್ದು. ಗ್ರೀಸಿಗೆ ಕೊಟ್ಟದ್ದರಲ್ಲೂ ಬಹುಪಾಲು ಹಳೇ ಸಾಲ ತೀರಿಸಲಿಕ್ಕೆ, ಬ್ಯಾಂಕುಗಳು ಬೀಳದ ಹಾಗೆ ಹಿಡಿದು ನಿಲ್ಲಿಸಲಿಕ್ಕೆ ಹೋಯಿತು.

ಈಗ ನಿಮ್ಮ ಒಂದೇ ದುಡ್ಡಿನ ವಿಷಯ. 1991 ನೆನಪಿದೆಯಾ? ನಮ್ಮ ದೇಶ ಚಿನ್ನ ಅಡವಿಟ್ಟ ವರ್ಷ. ಆ ಜುಲೈಯಲ್ಲಿ ಎರಡೇ ದಿನದ ಅಂತರದಲ್ಲಿ ಎರಡು ಸಲ ರೂಪಾಯಿ ಬೆಲೆ ಇಳಿಸಿದರು. ಹೊರಗಿನವರಿಗೆ ನಮ್ಮ ಸಾಮಾನು ಅಗ್ಗ ಆಯಿತು, ನಮಗೆ ಹೊರಗಿನದ್ದು ತುಟ್ಟಿ ಆಯಿತು. ಯಾರ ಸಂಬಳದ ಚೀಟಿಯನ್ನೂ ತಿದ್ದಲಿಲ್ಲ. ಗ್ರೀಸಿಗೆ ಆ ದಾರಿ ಇರಲಿಲ್ಲ. ಅವರ ಹಳೇ ದುಡ್ಡು ದ್ರಾಕ್ಮಾವನ್ನು ಯೂರೋಗೆ 340.75ರಂತೆ ಕೊಟ್ಟು ಮುಗಿಸಿಯಾಗಿತ್ತು. ದುಡ್ಡಿನ ಬೆಲೆ ಇಳಿಸಲು ಆಗದಿದ್ದರೆ ಮನುಷ್ಯರ ಕೂಲಿ ಇಳಿಸಬೇಕು. 2012ರ ಫೆಬ್ರವರಿಯಲ್ಲಿ ತಿಂಗಳ ಕನಿಷ್ಠ ವೇತನವನ್ನು 751 ಯೂರೋದಿಂದ 586ಕ್ಕೆ ತಂದರು. 25 ವರ್ಷ ದಾಟದವರಿಗೆ ಇನ್ನೂ ಕಡಿಮೆ.

ಇಲ್ಲಿ ನನ್ನ ಅಳಿಯನ ಕಥೆ ಸಾಲುವುದಿಲ್ಲ. ಅವನು ಜೀಪು ಮಾರಿ, ಹೊಟ್ಟೆಬಟ್ಟೆ ಕಟ್ಟಿ ಸಾಲ ತೀರಿಸಿದ. ಅವನೊಬ್ಬ ಚಹಾ ಬಿಟ್ಟರೆ ಹೋಟೆಲು ಮುಚ್ಚುವುದಿಲ್ಲ. ಆದರೆ ಪೇಟೆಯವರೆಲ್ಲ ಒಂದೇ ದಿನ ಚಹಾ ಬಿಟ್ಟರೆ? ಹೋಟೆಲಿನವನು ಹಾಲಿನವನಿಗೆ ಬೇಡ ಅನ್ನುತ್ತಾನೆ, ಹಾಲಿನವನು ಹಿಂಡಿ ಕೊಳ್ಳುವುದಿಲ್ಲ, ಹಿಂಡಿಯ ಅಂಗಡಿಯವನು ನಮ್ಮ ಸೊಸೈಟಿಗೆ ಕಂತು ಕಟ್ಟುವುದಿಲ್ಲ. ನಿಮ್ಮ ಖರ್ಚು ನನ್ನ ಆದಾಯ. ಗ್ರೀಸಿನ ಉತ್ಪನ್ನ ಸುಮಾರು ಕಾಲು ಭಾಗ ಕರಗಿತು. 2013ರಲ್ಲಿ ದುಡಿಯಲು ಸಿದ್ಧರಿದ್ದವರಲ್ಲಿ ನೂರಕ್ಕೆ 27 ಜನರಿಗೆ ಕೆಲಸ ಇರಲಿಲ್ಲ. ಅಷ್ಟು ಕಡಿತ ಮಾಡಿಯೂ, 2012ರಲ್ಲಿ ಖಾಸಗಿಯವರು ತಾವು ಕೊಟ್ಟಿದ್ದ ಸಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಟ್ಟುಕೊಟ್ಟರೂ, ಉತ್ಪನ್ನಕ್ಕೆ ಹೋಲಿಸಿದರೆ ಸಾಲ ಸುಮಾರು ಶೇ. 127ರಿಂದ 180ರ ಹತ್ತಿರಕ್ಕೆ ಹೋಯಿತು. ಭಾಗಿಸುವ ಸಂಖ್ಯೆ ಸಣ್ಣದಾದರೆ ಹಾಗೇ ಅಲ್ವಾ. ಕಡಿತದ ಪೆಟ್ಟನ್ನು ಕಡಿಮೆ ಅಂದಾಜು ಮಾಡಿದ್ದೆವು ಅಂತ ಐಎಂಎಫಿನ ಅರ್ಥಶಾಸ್ತ್ರಜ್ಞರೇ 2013ರಲ್ಲಿ ಬರೆದರು.

ಯೂರೋದ ಮಾವ ಬಾಯಿ ಬಿಟ್ಟದ್ದು 2012ರ ಜುಲೈಯಲ್ಲಿ. ಯುರೋಪಿನ ಕೇಂದ್ರ ಬ್ಯಾಂಕಿನ ಆಗಿನ ಅಧ್ಯಕ್ಷ ಮಾರಿಯೋ ದ್ರಾಗಿ ಲಂಡನ್ನಿನಲ್ಲಿ, ಯೂರೋ ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಅಂದರು. ಅದರ ಹಿಂದೆಯೇ ಕಷ್ಟದಲ್ಲಿರುವ ದೇಶಗಳ ಬಾಂಡು, ಅಂದರೆ ಸರಕಾರದ ಸಾಲಪತ್ರ, ಕೊಳ್ಳುವ ಒಂದು ಯೋಜನೆ ಹೊರಡಿಸಿದರು. ಅದರಲ್ಲಿ ಒಂದು ಬಾಂಡನ್ನೂ ಕೊಳ್ಳಬೇಕಾಗಿ ಬರಲಿಲ್ಲ. ಸ್ಪೇನ್, ಇಟಲಿಯ ಬಡ್ಡಿ ತಾನಾಗಿ ಇಳಿಯಿತು. ಮಾವ ಗಂಟಲು ಸರಿಮಾಡಿಕೊಂಡರೆ ಸಾಕಿತ್ತು. ಗ್ರೀಸಿಗೆ ಮಾತ್ರ ಅದು ತಡವಾಯಿತು. 2015ರಲ್ಲಿ ಅಲ್ಲಿ ಬ್ಯಾಂಕು ಮುಚ್ಚಿ, ಎಟಿಎಮ್ಮಿನಲ್ಲಿ ದಿನಕ್ಕೆ 60 ಯೂರೋ ಮಾತ್ರ ಕೊಡುತ್ತಿದ್ದರು.

ತಲಪಾಡಿ ದಾಟುವವ:

ಸಾರ್, ಒಂದು ತಕರಾರು. ನಮಗೂ ಬಿಹಾರಕ್ಕೂ ಒಂದೇ ರೂಪಾಯಿ. ಕೇರಳಕ್ಕೂ ಕರ್ನಾಟಕಕ್ಕೂ ಒಂದೇ ರೂಪಾಯಿ. ಬಿಹಾರ ಯಾಕೆ ಗ್ರೀಸ್ ಆಗಲಿಲ್ಲ? ನಾನು ದಿನಾ ಕೇರಳದ ಉಪ್ಪಳದಿಂದ ಮಂಗಳೂರಿಗೆ ಕೆಲಸಕ್ಕೆ ಹೋಗುವವನು. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಬಂದ ಮೇಲೆ ಪೆಟ್ರೋಲ್ ಲೀಟರಿಗೆ ನಾಲ್ಕೈದು ರೂಪಾಯಿ ಕಡಿಮೆ, ಟ್ಯಾಂಕ್ ಅಲ್ಲೇ ತುಂಬಿಸುತ್ತೇನೆ. ತೆರಿಗೆ ಬೇರೆ, ಸರಕಾರ ಬೇರೆ, ದುಡ್ಡು ಒಂದೇ. ನಮ್ಮದು ನಡೆಯುತ್ತದಲ್ಲ?

ಸೊಸೈಟಿ ಲೆಕ್ಕದವ, ನೀರ್ಚಾಲು:

ಒಳ್ಳೇ ಪಾಯಿಂಟು. ನಮ್ಮಲ್ಲಿ ದುಡ್ಡಿನ ಜೊತೆ ಪೆಟ್ಟಿಗೆಯೂ ಅರ್ಧ ಒಂದೇ. ದಿಲ್ಲಿ ವಸೂಲು ಮಾಡುವ ತೆರಿಗೆಯಲ್ಲಿ ಹಂಚಬೇಕಾದ್ದರ ಶೇ. 41ನ್ನು ರಾಜ್ಯಗಳಿಗೆ ಕೊಡಬೇಕು ಅಂತ 15ನೇ ಹಣಕಾಸು ಆಯೋಗ ಹೇಳಿತು. 2021ರಿಂದ 2026ರವರೆಗಿನ ಆ ಹಂಚಿಕೆಯಲ್ಲಿ ಬಿಹಾರಕ್ಕೆ ದೊಡ್ಡ ಪಾಲು ಬಂತು, ಕೇರಳಕ್ಕೆ ಶೇ. 1.925. ಯುರೋಪಿನ ಒಕ್ಕೂಟದ ಒಟ್ಟು ಬಜೆಟ್ಟೇ ಅವರ ಆದಾಯದ ಶೇ. 1ರ ಆಸುಪಾಸು. ಅದರಿಂದ ಯಾರನ್ನು ಎತ್ತುತ್ತೀರಿ?

ಇನ್ನೊಂದು, ಜನ. ಬಿಹಾರದಲ್ಲಿ ಕೆಲಸ ಇಲ್ಲದಿದ್ದರೆ ಹುಡುಗ ರೈಲು ಹತ್ತಿ ಬರುತ್ತಾನೆ. ನಮ್ಮ ತೋಟದಲ್ಲಿ ಈಗ ಅಡಿಕೆ ಹೆಕ್ಕುವವರು ಯಾರು, ನೋಡಿ. ಗ್ರೀಸಿನವನಿಗೂ ಜರ್ಮನಿಗೆ ಹೋಗಲು ತಡೆ ಇಲ್ಲ, ತುಂಬ ಜನ ಹೋದರು ಕೂಡ. ಆದರೆ ಅವನಿಗೂ ಆ ಡೆರ್, ಡೀ, ಡಾಸ್ ಕಲಿಯುವ ಕಷ್ಟ ಇದೆಯಲ್ಲ.

ಜಗಳ ನಮ್ಮಲ್ಲೂ ಇದೆ ಅನ್ನಿ. ರಾಜ್ಯಗಳ ಸಾಲಕ್ಕೂ ಮೂಲ ಮಿತಿ ಅದೇ ಶೇ. 3. ಆ ಮಿತಿಯ ಲೆಕ್ಕ ಹಿಡಿಯುವ ಕ್ರಮ ಸರಿಯಿಲ್ಲ ಅಂತ ಕೇರಳ 2023ರ ಡಿಸೆಂಬರಿನಲ್ಲಿ ಕೇಂದ್ರದ ಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ನನ್ನ ಪೆನ್ಶನ್ ತಡವಾದಾಗೆಲ್ಲ ನಾನು ಅಥೆನ್ಸಿನ ಮುದುಕರನ್ನು ನೆನೆಯುತ್ತೇನೆ.

ಮುಳ್ಳೇರಿಯದ ನರ್ಸ್, ಈಗ ಜರ್ಮನಿ:

ಅಕ್ಕ, ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಆರು ವರ್ಷದಿಂದ ಇಲ್ಲಿದ್ದೇನೆ. ಜರ್ಮನಿಯ ಕಷ್ಟ ಗ್ರೀಸಿನ ಕಷ್ಟ ಅಲ್ಲ. ಇವರಿಗೆ ಸಾಲ ಸಿಗುವುದಿಲ್ಲ ಅಂತೇನಿಲ್ಲ. ಜಾಸ್ತಿ ಸಾಲ ಮಾಡಬಾರದು ಅಂತ ಸಂವಿಧಾನದಲ್ಲೇ ಬ್ರೇಕ್ ಹಾಕಿಕೊಂಡಿದ್ದರು. 2025ರ ಮಾರ್ಚಿನಲ್ಲಿ ಅದನ್ನು ಸ್ವಲ್ಪ ಸಡಿಲ ಮಾಡಿದರು.

ಇವರಿಗೆ ಪೆಟ್ಟು ಬಿದ್ದದ್ದು ಗ್ಯಾಸಿನಿಂದ. ಉಕ್ರೇನ್ ಯುದ್ಧಕ್ಕೆ ಮೊದಲು ಹೊರಗಿನಿಂದ ತರಿಸುವ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದು. 2022ರಲ್ಲಿ ಅದು ನಿಂತಿತು. ಆ ವಸಂತದಲ್ಲಿ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆ ಖಾಲಿ, ಬಂದರೆ ಒಬ್ಬರಿಗೆ ಒಂದೇ ಬಾಟಲಿ ಅಂತ ಬೋರ್ಡು. ನಾನು ಊರಿಂದ ತಂದ ತೆಂಗಿನೆಣ್ಣೆಯಲ್ಲೇ ಒಗ್ಗರಣೆ ಹಾಕಿದೆ, ಕೆಳಗಿನ ಮನೆಯ ಅಜ್ಜಿ ಏನು ವಾಸನೆ ಅಂತ ಕೇಳಲು ಮೇಲೆ ಬಂದರು. ಆ ಚಳಿಗಾಲ ಸರಕಾರಿ ಆಫೀಸುಗಳಲ್ಲಿ 19 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡುವ ಹಾಗಿರಲಿಲ್ಲ. ಅಕ್ಟೋಬರಿನಲ್ಲಿ ಯೂರೋ ದೇಶಗಳ ಬೆಲೆಯೇರಿಕೆ ಶೇ. 10.6. ಗ್ಯಾಸ್ ತುಟ್ಟಿಯಾದರೆ ಉಕ್ಕು, ಗಾಜು, ರಾಸಾಯನಿಕ ಎಲ್ಲ ತುಟ್ಟಿ. ಮೊದಲು ಇವರ ಕಾರು ಕೊಳ್ಳುತ್ತಿದ್ದ ಚೀನಾ ಈಗ ತಾನೇ ಕರೆಂಟು ಕಾರು ಮಾಡಿ ಮಾರುತ್ತಿದೆ. 2023, 2024 ಎರಡೂ ವರ್ಷ ಉತ್ಪನ್ನ ಕುಗ್ಗಿತು. ಫೋಕ್ಸ್‌ವಾಗನ್ 2030ರೊಳಗೆ 35,000 ಕೆಲಸ ಕಡಿಮೆ ಮಾಡಲು ಒಪ್ಪಂದ ಮಾಡಿಕೊಂಡಿತು. ನಿಮ್ಮ ನೆಂಟರು ಹೇಳಿದ್ದು ಸುಳ್ಳಲ್ಲ.

ಆದರೆ ಕಾರು ಕೊಳ್ಳುವುದನ್ನು ಮುಂದಕ್ಕೆ ಹಾಕಬಹುದು. ಸೊಂಟದ ಮೂಳೆ ಮುರಿದರೆ ಮುಂದಕ್ಕೆ ಹಾಕಲಿಕ್ಕೆ ಆಗುವುದಿಲ್ಲ. ನನ್ನ ವಾರ್ಡಿನಲ್ಲಿ 80 ದಾಟಿದವರೇ ಜಾಸ್ತಿ. ಎರಡನೇ ಮಹಾಯುದ್ಧದ ನಂತರ ಹುಟ್ಟಿದ ದೊಡ್ಡ ತಲೆಮಾರು ಈಗ ರಿಟೈರ್ ಆಗುತ್ತಿದೆ, ನನ್ನ ಜೊತೆಯ ಹಿರಿಯ ನರ್ಸುಗಳೂ ಸೇರಿ. ನಮ್ಮ ಸಂಬಳ ಬಹುಪಾಲು ಬರುವುದು ಆರೋಗ್ಯ ವಿಮೆಯಿಂದ. ದುಡಿಯುವವರ ವೇತನದ ಶೇ. 14.6 ಅದಕ್ಕೆ ಹೋಗುತ್ತದೆ, ಅರ್ಧ ಕೆಲಸಗಾರ, ಅರ್ಧ ಮಾಲೀಕ. ಫ್ಯಾಕ್ಟರಿ ಮುಚ್ಚಿದರೆ ಅದಕ್ಕೂ ಬಿಸಿ ತಟ್ಟುತ್ತದೆ. ಈಗಾಗಲೇ ಅದರ ಮೇಲಿನ ಹೆಚ್ಚುವರಿ ಕಂತು ಏರಿದೆ, ನನ್ನ ಕೈಗೆ ಬರುವುದು ಅಷ್ಟು ಕಡಿಮೆ.

ಮಗಳಿಗೆ ಒಂದು ಮಾತು ಹೇಳಿ. ಇಲ್ಲಿ ಸರ್ಟಿಫಿಕೇಟಿಗೆ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಸಂಬಳ ಮಾತ್ರ. ಆ ತಿಂಗಳುಗಳಿಗೆ ಕೈಯಲ್ಲಿ ಸ್ವಲ್ಪ ಇರಲಿ. ಏಜೆಂಟ್ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಕೊಡಬೇಡಿ. ಹೊರದೇಶಕ್ಕೆ ಹೋಗುವವರ ವಿಷಯ ನೋಡುವ ಕೇರಳ ಸರಕಾರದ ನೋರ್ಕಾ ಸಂಸ್ಥೆ ಇದೆ, ಜರ್ಮನಿಗೆ ನರ್ಸುಗಳನ್ನು ಕಳಿಸುವ ಅದರ ಟ್ರಿಪಲ್ ವಿನ್ ಯೋಜನೆಯಲ್ಲಿ ನರ್ಸುಗಳಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ.

ಬದಿಯಡ್ಕದ ದೊಡ್ಡಮ್ಮ:

ಅಯ್ಯೋ, ಏಜೆಂಟ್ ಒಬ್ಬ ಮೂರು ಲಕ್ಷ ಕೇಳಿದ್ದ! ತಂಗಿ ಬಳೆ ಬಿಚ್ಚಿಡುವ ಯೋಚನೆಯಲ್ಲಿದ್ದಳು. ನಿಮ್ಮ ಉತ್ತರವನ್ನು ಫೋನಿನಲ್ಲಿ ಓದಿ ಹೇಳಿದೆ. ನಾಳೆ ನೋರ್ಕಾದ್ದು ವಿಚಾರಿಸುತ್ತಾರಂತೆ. ಮಾವನ ಕಥೆ ಅವಳಿಗೆ ಎರಡು ಸಲ ಓದಬೇಕಾಯಿತು.

ಸೊಸೈಟಿಯವರೇ, ಇನ್ನೊಂದು ಸಣ್ಣ ವಿಷಯ. ಅವಳ ಕೈಖರ್ಚಿಗೆ ಅಂತ ಎರಡು ಕ್ವಿಂಟಾಲ್ ಹಳೇ ಅಡಿಕೆ ಇಟ್ಟಿದ್ದೇನೆ, ಡಬಲ್ ಚೋಲು. ಈಗ ಕೊಡುವುದಾ, ಮಳೆಗಾಲದವರೆಗೆ ಕಾಯುವುದಾ?

ಸೊಸೈಟಿ ಲೆಕ್ಕದವ, ನೀರ್ಚಾಲು:

ಅಕ್ಕ, ಯುರೋಪಿನದ್ದು ಕೇಳಿ, ಹೇಳುತ್ತೇನೆ. ಅಡಿಕೆ ರೇಟು ಮಾತ್ರ ಕೇಳಬೇಡಿ. ನಾನು ಹೋದ ವರ್ಷ ಮಾರಿದ ಮರುವಾರವೇ ಏರಿತು, ಮನೆಯಲ್ಲಿ ಇನ್ನೂ ಮಾತು ಕೇಳುತ್ತಿದ್ದೇನೆ.